ಏಳು ವಾರದ ಮರಿ, ಎರಡು ತಿಂಗಳ ಗಾಯ

ಡಾಕ್ಟ್ರಮ್ಮ ಕಿವಿಯನ್ನು ಮೂರನೇ ಸಲ ತೊಳೆದರು.

ಬೆಳಿಗ್ಗೆ ಸತ್ತ ಹಂದಿಮರಿಯ ಕಿವಿ ಅದು. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ನರಗಳು ಒಣಗಿದ ಎಲೆಯ ಗೆರೆಗಳ ಹಾಗೆ ಕಾಣುತ್ತಿದ್ದವು. ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳಿದ್ದವು. ಈ ಫಾರ್ಮಿನಲ್ಲಿ ಮರಿ ಹುಟ್ಟಿದ ಮೂರನೇ ದಿನ ಇಕ್ಕಳದಲ್ಲಿ ಕಿವಿ ಕಚ್ಚಿಸುವುದು ಪದ್ಧತಿ. ಹಿಂದಿನ ತಂಡಕ್ಕೆ ಒಂದು ಕಚ್ಚು, ಈಗಿನ ತಂಡಕ್ಕೆ ಎರಡು. ಕಿವಿ ನೋಡಿದರೆ ಮರಿ ಯಾವ ತಂಡದ್ದು, ಎಷ್ಟು ವಾರದ್ದು ಎಂದು ಕಣ್ಣು ಮಂಜಾದವರೂ ಹೇಳಬಹುದು.

ಹಾಗೆ ನೋಡಿದರೆ ಇದು ಏಳು ವಾರದ ಮರಿ.

ಆದರೆ ಮೊದಲ ಕಚ್ಚಿನ ಅಂಚು ಬೆಳ್ಳಗೆ ಗಟ್ಟಿಯಾಗಿ ಕೂಡಿಕೊಂಡಿತ್ತು. ಎರಡನೆಯದರ ಅಂಚು ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಒಂದು ಕಡೆ ಹಕ್ಕಳೆಯ ಚೂರು ಅಂಟಿಕೊಂಡಿತ್ತು. ಎರಡು ಕಚ್ಚೂ ಒಂದೇ ದಿನ ಬಿದ್ದವಲ್ಲ.

ಡಾಕ್ಟ್ರಮ್ಮ ಕಿವಿಯನ್ನು ಒರೆಸಿ ಮೇಜಿನ ಮೇಲೆ ಹಳೆಯ ಪತ್ರಿಕೆಯೊಂದರ ತುಂಡಿನ ಮೇಲಿಟ್ಟರು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ನಾಲ್ಕಕ್ಕೆ ವಿಮಾ ಕಂಪನಿಯಿಂದ ಫೋನು ಬರಬೇಕಿತ್ತು. ಮರಿಗಳಿಗೆ ಹತ್ತಿದ ಕೆಮ್ಮು ಈ ಮರಿಮನೆಗೆ ಯಾರ ಕೈಯಿಂದ ಬಂತು ಎಂದು ಅವರು ಆಗ ಹೇಳಬೇಕು. ಹೇಳುವುದಕ್ಕಾಗಿಯೇ ಕಂಪನಿ ಅವರನ್ನು ಇಲ್ಲಿಗೆ ಕಳಿಸಿದ್ದು. ಕಳಿಸಿದ ದಿನವೇ ಸರ್ಕಾರದವರು ಬಂದು ಗೇಟಿಗೆ ಬೀಗ ಜಡಿದದ್ದು. ಇದು ಯಾವ ರೋಗವೆಂದು ಪ್ರಯೋಗಾಲಯ ಹೇಳುವ ತನಕ ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ.

ಅಂದಿಗೆ ಐದನೇ ದಿನ. ಬರುವಾಗ ಉಟ್ಟ ಸೀರೆ ಆಫೀಸಿನ ಕಪಾಟಿನಲ್ಲಿತ್ತು, ಮೊಬೈಲು ಅದರ ಜೊತೆಗೆ. ಮೈಮೇಲಿದ್ದ ನೀಲಿ ಮೇಲಂಗಿ ಯಾರದೋ. ತೋಳು ಮೊಣಕೈ ದಾಟಿ ಇಳಿಯುತ್ತಿರಲಿಲ್ಲ. ಮರಿಮನೆಗೆ ಬರಬೇಕಾದರೆ ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಬೇಕು. ಹೋಗಬೇಕಾದರೂ ಅಷ್ಟೇ. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಐವತ್ತೆಂಟು ವರ್ಷದಲ್ಲಿ ಇಷ್ಟು ಸಲ ಸ್ನಾನ ಮಾಡಿಯೂ ಅವರಿಗೆ ಮೈ ಇಷ್ಟು ಕೊಳಕು ಅನ್ನಿಸಿದ್ದು ಇದೇ ಮೊದಲು.

ಗೋಡೆಯ ಆಚೆ ತೊಂಬತ್ತು ಮರಿಗಳಿದ್ದವು. ಕೆಮ್ಮು ಒಂದು ಮೂಲೆಯಲ್ಲಿ ಶುರುವಾಗಿ, ಅಂಕಣದಿಂದ ಅಂಕಣಕ್ಕೆ ದಾಟಿ, ಕೊನೆಯ ಮೂಲೆಯಲ್ಲಿ ನಿಲ್ಲುತ್ತಿತ್ತು. ಮತ್ತೆ ಮೊದಲ ಮೂಲೆ. ಒಣ ಕೆಮ್ಮು. ಮುದುಕರ ಸಭೆಯಲ್ಲಿ ಮಾತು ಆರಂಭವಾಗುವ ಮೊದಲು ಕೇಳಿಸುತ್ತದಲ್ಲ, ಹಾಗೆ.

ಈ ಕೆಮ್ಮು ಬೆಳೆದ ಹಂದಿಯನ್ನು ಕೊಲ್ಲುವುದು ಕಡಿಮೆ. ಅದು ತಿನ್ನುವುದು ದಿನಗಳನ್ನು. ನೂರು ಕಿಲೋ ತೂಗಬೇಕಾದ ದಿನ ಎಂಬತ್ತು ತೂಗುತ್ತದೆ. ತಿಂದದ್ದು ಮಾತ್ರ ನೂರರದ್ದೇ. ತೂಕ ಬರಲಿಲ್ಲವೆಂದು ಇನ್ನೊಂದು ತಿಂಗಳು ನಿಲ್ಲಿಸಿಕೊಂಡರೆ ದೊಡ್ಡ ಕೊಟ್ಟಿಗೆ ಖಾಲಿಯಾಗುವುದಿಲ್ಲ. ಅದು ಖಾಲಿಯಾಗದೆ ಮರಿಮನೆ ಖಾಲಿಯಾಗುವುದಿಲ್ಲ. ಹೆರಿಗೆ ಮನೆಯ ಹಂದಿಗಳಂತೂ ಯಾರನ್ನೂ ಕೇಳಿ ಈಯುವುದಿಲ್ಲ. ಈಗ ಬೀಗ ಬಿದ್ದ ಮೇಲೆ ಇನ್ನೊಂದು ವಿಪರೀತ: ಆರೋಗ್ಯವಾಗಿದ್ದವು ನೂರನ್ನು ದಾಟಿ ನೂರೈದು ಮುಟ್ಟಿದ್ದವು. ಮಾಂಸದ ಫ್ಯಾಕ್ಟರಿಗೆ ಅಷ್ಟು ಕೊಬ್ಬಿದ್ದು ಬೇಡ. ಬೆಳೆದಷ್ಟೂ ಬೆಲೆ ಇಳಿಯುವ ಸರಕು; ಹೊಟ್ಟೆಗೆ ಹಾಕದಿದ್ದರೆ ಸಾಯುತ್ತದೆ, ಹಾಕಿದರೆ ಯಜಮಾನ ಸಾಯುತ್ತಾನೆ. ದೊಡ್ಡ ಕೊಟ್ಟಿಗೆಯಲ್ಲಿ ಅವು ಒಂದರ ಮೈಗೆ ಒಂದು ಒರಗಿ ಮಲಗುತ್ತಿದ್ದವು. ಒಂದು ಮಗ್ಗುಲು ಬದಲಿಸಿದರೆ ಸಾಲಿಡೀ ಬದಲಿಸಬೇಕಾಗಿತ್ತು.

ಯಜಮಾನ ಮೊದಲ ದಿನವೇ ಕಳ್ಳನನ್ನು ಹಿಡಿದುಕೊಟ್ಟಿದ್ದ. ತಕ್ಕಡಿ.

ಹಂದಿಗಳನ್ನು ಪಂಜರಕ್ಕೆ ನುಗ್ಗಿಸಿ ತೂಗುವ ಆಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು; ಅವನ ಹೆಂಡತಿಯೂ ಕೂಡ. ಫಾರ್ಮಿನ ನಿಯಮ ಪ್ರಕಾರ ದಿನದ ಕೆಲಸ ಚಿಕ್ಕದರಿಂದ ದೊಡ್ಡದರ ಕಡೆಗೆ ಸಾಗಬೇಕು, ಹಿಂದಕ್ಕೆ ಬರಬಾರದು. ಮರಿಮನೆಗೆ ಬಿಳಿ ಗಂಬೂಟು, ದೊಡ್ಡ ಕೊಟ್ಟಿಗೆಗೆ ಕರಿ ಗಂಬೂಟು. ತಕ್ಕಡಿ ಮೂರು ವಾರದ ಹಿಂದೆ ಕರಿ ಬೂಟಿನಲ್ಲೇ ಮರಿಮನೆಗೆ ನುಗ್ಗಿದ, ಕೆಮ್ಮನ್ನು ಕಾಲಿಗೆ ಕಟ್ಟಿಕೊಂಡು ಬಂದ, ಬೂಟು ಬಾಗಿಲ ಹಿಂದೆ ಸಿಕ್ಕಿತು, ಇದು ಯಜಮಾನನ ಮಾತು. ತಪ್ಪು ಒಬ್ಬ ಆಳಿನ ಎಡವಟ್ಟಾದರೆ ಕಂಪನಿ ಪರಿಹಾರ ಕೊಡುತ್ತದೆ, ಆಳು ಪೊಲೀಸರ ಪಾಲಾಗುತ್ತಾನೆ. ತಪ್ಪು ಫಾರ್ಮಿನ ಪದ್ಧತಿಯದ್ದಾದರೆ ಪರಿಹಾರವಿಲ್ಲ.

ಆ ಬೂಟನ್ನು ಡಾಕ್ಟ್ರಮ್ಮ ಎರಡನೇ ದಿನ ತಿರುಗಿಸಿ ನೋಡಿದ್ದರು. ಎರಡೂ ಸಮನಾಗಿ ಸವೆದಿದ್ದವು. ತಕ್ಕಡಿ ಎಡಗಾಲು ಎಳೆದು ನಡೆಯುವವನು. ಅವನು ಒಂದು ತಿಂಗಳು ಹಾಕಿದ ಬೂಟಿನ ಎಡಗಡೆಯ ಮೂತಿ ಉಜ್ಜಿ ಹೋಗಿರುತ್ತದೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಕ್ಕಡಿಯನ್ನೇ ಕರೆದು ಕೇಳಿದಾಗ ಅವನು ನೆಲ ನೋಡುತ್ತ, ತಾನು ಬಂದಿಲ್ಲವೆಂದೂ, ಆದರೆ ಯಜಮಾನರು ಬಂದೆ ಅಂದರೆ ಬಂದಿದ್ದರೂ ಇರಬಹುದೆಂದೂ ಹೇಳಿದ್ದ. ಇಪ್ಪತ್ತು ವರ್ಷ ಹೇಳಿದ್ದನ್ನು ಮಾಡಿದವನು. ಈಗ ಅವನನ್ನು ಕೊಟ್ಟಿಗೆಗಳಿಂದ ದೂರವಿಟ್ಟು, ಸತ್ತವನ್ನು ಸುಣ್ಣದ ಗುಂಡಿಗೆ ಹಾಕುವ ಕೆಲಸವೊಂದನ್ನು ಕೊಟ್ಟಿದ್ದರು.

ಬೂಟು ಸುಳ್ಳು ಸರಿ. ನಿಜ ಯಾವುದು ಎಂದು ಗೊತ್ತಾದದ್ದು ಇವತ್ತು ಬೆಳಿಗ್ಗೆ.

ಬೆಳಗಾಗುವಷ್ಟರಲ್ಲಿ ಮೂರು ಮರಿ ಸತ್ತಿದ್ದವು. ಹಿಂದಿನ ಕೋಣೆಯ ಕಲ್ಲಿನ ಮೇಲೆ ಮೂರನ್ನೂ ಡಾಕ್ಟ್ರಮ್ಮ ಕೊಯ್ದರು. ಎರಡರ ಶ್ವಾಸಕೋಶದ ಮುಂಭಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಹೊಸ ರೋಗ. ಮೂರನೆಯದರಲ್ಲಿ ನೇರಳೆಯ ಜೊತೆಗೆ ಇನ್ನೊಂದು ಇತ್ತು. ಬಿಳಿಯ ಗೆರೆ, ಬಟ್ಟೆಗೆ ಹಾಕಿದ ನೂಲಿನ ಹೊಲಿಗೆ ಬಿಗಿದು ನೆರಿಗೆಯಾದ ಹಾಗೆ. ಯಾವಾಗಲೋ ಬಂದು, ವಾಸಿಯಾಗಿ, ಕುಗ್ಗಿದ ಗಾಯ. ಅಂಥದ್ದಾಗಬೇಕಾದರೆ ಎರಡು ತಿಂಗಳಾದರೂ ಬೇಕು.

ಆ ಮೂರನೆಯದರ ಕಿವಿಯೇ ಈಗ ಮೇಜಿನ ಮೇಲಿದ್ದದ್ದು. ಶ್ವಾಸಕೋಶವನ್ನು ಐಸಿನ ಡಬ್ಬಿಗೆ ಹಾಕಿ ಗೋಡೆಯ ಕಿಂಡಿಯ ಆಚೆ ಇಟ್ಟಾಗಿತ್ತು. ಸತ್ತದ್ದು ಮರಿಮನೆಯೊಳಗೆ ಉಳಿಯಬಾರದು, ಕಿಂಡಿಯಿಂದ ಹೊರಗೆ ಹೋದದ್ದು ಮತ್ತೆ ಒಳಗೆ ಬರಬಾರದು. ಐದಕ್ಕೆ ಪ್ರಯೋಗಾಲಯದ ಗಾಡಿ ಗೇಟಿಗೆ ಬಂದು ಡಬ್ಬಿಯನ್ನು ತೆಗೆದುಕೊಂಡು ಹೋಗುತ್ತದೆ.

ಒಳಬಾಗಿಲು ತೆರೆಯಿತು. ಅತ್ತಿಗೆ ಬಕೆಟ್ಟು ಹಿಡಿದು ಬಂದಳು.

ಫಾರ್ಮು ಕಟ್ಟಿದವನು ಯಜಮಾನನ ಅಣ್ಣ. ಅವನು ಹೋಗಿ ಮೂರು ವರ್ಷ. ಅವನ ಹೆಂಡತಿ ಮೈದುನನಿಗೆ ಅತ್ತಿಗೆ, ಹಾಗಾಗಿ ಆಳುಕಾಳಿಗೆ, ಫೀಡಿನ ಲಾರಿಯ ಡ್ರೈವರಿಗೆ, ಅವಳಿಗಿಂತ ಹಿರಿಯರಿಗೆ ಕೂಡ ಅತ್ತಿಗೆಯೇ. ಮರಿಮನೆ ಅವಳ ರಾಜ್ಯ. ಸುಣ್ಣದ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ಗೆಣ್ಣುಗಳು ಬಿರುಕು ಬಿಟ್ಟಿದ್ದವು.

ಅವಳು ಬಕೆಟ್ಟನ್ನು ಇಡಲಿಲ್ಲ. ಮೇಜಿನ ಮೇಲಿನ ಕಿವಿಯನ್ನು, ಬಂಧುಗಳ ಹಳೆಯ ಫೋಟೋ ನೋಡುವವರ ಹಾಗೆ, ಸ್ವಲ್ಪ ಹೊತ್ತು ನೋಡಿದಳು.

"ಮೂಲೆ ಅಂಕಣದ್ದು," ಅಂದಳು.

"ಎಷ್ಟು ವಾರದ್ದಮ್ಮ?"

"ಎರಡು ಕಚ್ಚಿದೆಯಲ್ಲ ಡಾಕ್ಟ್ರಮ್ಮ. ಏಳು."

"ಏಳು ವಾರದ ಮರಿ ಎದೇಲಿ ಎರಡು ತಿಂಗಳ ಹಳೇ ಗಾಯ ಎಲ್ಲಿಂದ ಬಂತು?"

ಅತ್ತಿಗೆ ಯೋಚಿಸಿದಳು. "ತಾಯಿ ಹೊಟ್ಟೇಲಿ ಆಗಿರಬೇಕು."

"ಹೊಟ್ಟೇಲಿ ಉಸಿರಾಡಲ್ವಲ್ಲ."

ಬಕೆಟ್ಟು ನೆಲಕ್ಕೆ ಬಂತು. ಒಳಗೆ ಕೆಮ್ಮು ಒಂದು ಸುತ್ತು ಮುಗಿಸಿ ನಿಂತಿತು.

ಡಾಕ್ಟ್ರಮ್ಮ ಅವಸರ ಮಾಡಲಿಲ್ಲ. ತೂಕದ ಪುಸ್ತಕವನ್ನು ಎಳೆದುಕೊಂಡು, ಹಿಂದಿನ ತಂಡ ಮರಿಮನೆ ಬಿಟ್ಟ ದಿನದ ಪುಟ ತೆರೆದರು. ತೊಂಬತ್ತು ಮರಿ, ಒಂದೂ ಇಪ್ಪತ್ತೆರಡು ಕಿಲೋಕ್ಕಿಂತ ಕಡಿಮೆ ಇಲ್ಲ. ಮೂವತ್ತು ವರ್ಷ ಕೊಟ್ಟಿಗೆ ಸುತ್ತಿದವಳು ತಾನು, ಪೀಚು ಮರಿ ಇಲ್ಲದ ತಂಡವನ್ನು ಎಲ್ಲೂ ಕಂಡಿಲ್ಲ ಎಂದರು. ಹತ್ತು ವಾರಕ್ಕೆ ಎಂಟು ಕಿಲೋ ತೂಗುವ ದರಿದ್ರದವು ಎಲ್ಲ ತಂಡದಲ್ಲೂ ಎರಡೋ ಮೂರೋ ಇದ್ದೇ ಇರುತ್ತವೆ. ಈ ತಂಡದವು ಎಲ್ಲಿಗೆ ಹೋದವು?

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಆಮೇಲೆ ಮಾತು ತಾನಾಗಿ ಬಂತು. ಕಟ್ಟೆಯ ಒಂದು ಕಲ್ಲು ಕಿತ್ತರೆ ನೀರು ಬರುವ ಹಾಗೆ.

ಮೂರು ಇದ್ದವು. ದೊಡ್ಡ ಕೊಟ್ಟಿಗೆಗೆ ಕಳಿಸಿದರೆ ದೊಡ್ಡವುಗಳ ಕಾಲಡಿ ಒಂದು ವಾರ ಬದುಕುವಂಥವಲ್ಲ. ಕೊಲ್ಲಲು ಕೈ ಬರಲಿಲ್ಲ. ಮರಿಮನೆಯನ್ನು ತೊಳೆದು, ಸುಣ್ಣ ಬಳಿದು, ನಾಲ್ಕು ದಿನ ಒಣಗಿಸುವಾಗ ಆ ಮೂರನ್ನೂ ಬಟ್ಟೆ ಒಗೆಯುವ ಕೋಣೆಯಲ್ಲಿ ಇಟ್ಟುಕೊಂಡಳು. ಹೊಸ ತಂಡ ಬಂದ ಮೇಲೆ ಅವುಗಳ ಜೊತೆ ಬಿಟ್ಟಳು. ಗಾತ್ರ ಒಂದೇ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಸುತ್ತು ತಿಂದರೆ ತೂಕ ಬರುತ್ತವೆ. ಪ್ರತಿ ತಂಡದಲ್ಲೂ ಹೀಗೇ ಮಾಡುವುದು. ಅವಳ ಗಂಡ ಇದ್ದಾಗಿನಿಂದಲೂ ಇದೇ.

"ಅವು ಕೆಮ್ತಿದ್ವಾ?"

"ಒಂದು ಸ್ವಲ್ಪ. ಆಮೇಲೆ ನಿಂತೋಯ್ತು. ವಾಸಿ ಆಯ್ತು ಅಂದ್ಕೊಂಡೆ."

"ನಿಂತಿದ್ದು ಕೆಮ್ಮು ಮಾತ್ರ ಅತ್ತಿಗೆ. ರೋಗ ಅಲ್ಲೇ ಕೂತಿತ್ತು. ಮೂರು ಸಾಕು, ತೊಂಬತ್ತಕ್ಕೆ ಹಚ್ಚೋಕೆ."

ತೊಳೆದದ್ದು, ಸುಣ್ಣ ಬಳಿದದ್ದು, ತಲೆಗೆ ನೀರು ಹಾಕಿಕೊಂಡದ್ದು, ಬಿಳಿ ಬೂಟು, ಕರಿ ಬೂಟು ಎಲ್ಲವೂ ಸರಿಯಾಗಿಯೇ ನಡೆದಿತ್ತು. ಮುಂಬಾಗಿಲಿಗೆ ಏಳು ಬೀಗ ಹಾಕಿ ಕಳ್ಳನನ್ನು ಒಳಗೇ ಮಲಗಿಸಿಕೊಂಡ ಕತೆ.

"ಉಳಿದೆರಡು ಎಲ್ಲಿವೆ?"

"ಹೋದ ವಾರ ಗುಂಡಿಗೆ ಹೋದ್ವು. ಇದೇ ಕೊನೇದು."

"ಎರಡನೇ ಕಚ್ಚು?"

ಅತ್ತಿಗೆ ಗೆಣ್ಣಿನ ಬಿರುಕನ್ನು ಉಜ್ಜುತ್ತ ಹೇಳಿದಳು. ಕಂಪನಿಯ ಹೊಸ ಕರಾರಿನಲ್ಲಿ ತಂಡ ಬೆರೆಸಬಾರದು, ಬೆರೆಸಿದರೆ ಪರಿಹಾರವಿಲ್ಲ ಎಂದು ಬರೆದಿತ್ತಂತೆ. ಅವಳಿಗೆ ಅದು ಗೊತ್ತಾದದ್ದು ಹತ್ತು ದಿನದ ಹಿಂದೆ, ಮೈದುನ ಬಂದು ಓದಿ ಹೇಳಿದ ಮೇಲೆ. ಓದಿದವನು ಹೋಗುವಾಗ ಇಕ್ಕಳವನ್ನು ಅವಳ ಕೈಗೆ ಕೊಟ್ಟು ಹೋದ. ಒಂದು ಮಾತನ್ನೂ ಹೆಚ್ಚಿಗೆ ಆಡಲಿಲ್ಲ. ಮಾತನ್ನೂ ತೂಕಕ್ಕೆ ಮಾರುವವನು ಅವನು.

"ಬೂಟು ಇಟ್ಟಿದ್ದೂ ಅವನೇ?"

"ಹೂಂ," ಅಂದಳು ಅತ್ತಿಗೆ ತಲೆ ತಗ್ಗಿಸಿ.

ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಡಾಕ್ಟ್ರಮ್ಮ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದರು: ತಾನು ನಿಜ ಹೇಳಿದರೆ ಈ ಫಾರ್ಮು ಉಳಿಯುವುದಿಲ್ಲ, ಗೊತ್ತು. ಹೇಳದಿದ್ದರೆ ತಕ್ಕಡಿ ಉಳಿಯುವುದಿಲ್ಲ. ಅವನ ಕೆಲಸ ಹೋಗುತ್ತದೆ, ಅವನೂ ಹೆಂಡತಿಯೂ ಇರುವ ಕೋಣೆ ಹೋಗುತ್ತದೆ, ಮೇಲೆ ಜೈಲು. ಇವೆರಡರಲ್ಲಿ ತೂಕ ನೋಡಿ ಆರಿಸುವ ಕೆಲಸ ತನ್ನದಲ್ಲ. ಮೂವತ್ತು ವರ್ಷದಲ್ಲಿ ಸುಳ್ಳು ರಿಪೋರ್ಟಿಗೆ ಒಮ್ಮೆಯೂ ಸಹಿ ಹಾಕಿಲ್ಲ.

ಸಹಿ ಎಂದ ಕೂಡಲೇ ಅತ್ತಿಗೆ ತಲೆ ಎತ್ತಿದಳು.

"ಇದನ್ನ ನಾವು ನಾವೇ ಕಲಿತ್ವಿ ಅಂದ್ಕೊಂಡ್ರಾ ಡಾಕ್ಟ್ರಮ್ಮ?"

ಅವಳು ಎದ್ದು ಔಷಧಿಯ ಕಪಾಟಿನ ಬಾಗಿಲನ್ನು ಪೂರ್ತಿ ತೆರೆದಳು. ಐದು ದಿನದಲ್ಲಿ ಡಾಕ್ಟ್ರಮ್ಮ ಆ ಕಪಾಟನ್ನು ಹತ್ತು ಸಲ ತೆರೆದಿದ್ದರು, ಕೈ ಹೋಗುವಷ್ಟು ಮಾತ್ರ. ಬಾಗಿಲ ಒಳಮೈಯಲ್ಲಿ, ಪ್ಲಾಸ್ಟಿಕ್ಕಿನ ಕೆಳಗೆ, ಅಂಚು ಹಳದಿಯಾದ ಒಂದು ಚೀಟಿ ಅಂಟಿಸಿತ್ತು.

"ತೂಕ ಬಾರದ ಮರಿಗಳನ್ನು ಮುಂದಕ್ಕೆ ಕಳಿಸಬೇಡಿ. ಮುಂದಿನ ತಂಡದ ಜೊತೆ ಇನ್ನೊಂದು ಸುತ್ತು ಬೆಳೆಯಲಿ."

ಮೊದಲ ಅಕ್ಷರ ಮೂಡದೆ ಪೆನ್ನನ್ನು ಗೀಚಿ ಗೀಚಿ ಸರಿಮಾಡಿದ ಗುರುತು ಮೂಲೆಯಲ್ಲಿತ್ತು. ಕೆಳಗೆ ಸಹಿ.

ಡಾಕ್ಟ್ರಮ್ಮನಿಗೆ ಕನ್ನಡಕ ತೆಗೆದು ಒರೆಸಬೇಕೆನ್ನಿಸಿತು. ಒರೆಸಿದರು. ಸಹಿ ಬದಲಾಗಲಿಲ್ಲ, ಅದು ಅವರದೇ ಸಹಿ.

ಹದಿನಾರು ವರ್ಷದ ಹಿಂದಿನ ತರಬೇತಿ ಶಿಬಿರ. ನಲವತ್ತು ಮಂದಿ ರೈತರು. ಜೀಪು ಹತ್ತುವಾಗ ಒಬ್ಬ ಎತ್ತರದ ಮನುಷ್ಯ ಓಡಿ ಬಂದು ಏನೋ ಕೇಳಿದ್ದ. ಜೀಪಿನ ಬಾನೆಟ್ಟಿನ ಮೇಲೆ ಚೀಟಿ ಇಟ್ಟು ಬರೆದುಕೊಟ್ಟಿದ್ದರು. ಬಾನೆಟ್ಟು ಕಾದಿತ್ತು, ಅಂಗೈ ಸುಟ್ಟದ್ದು ನೆನಪಾಯಿತು. ಮನುಷ್ಯನ ಮುಖ ನೆನಪಾಗಲಿಲ್ಲ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು. ಆಮೇಲೆ ತಪ್ಪೆಂದು ತಿಳಿಯಿತು, ಹೇಳುವುದನ್ನು ಬಿಟ್ಟರು. ಕೇಳಿಸಿಕೊಂಡವರ ಬಳಿಗೆ ಹೋಗಿ ಬೇಡವೆಂದು ಹೇಳಿ ಬಂದವರು ಯಾರೂ ಇರಲಿಲ್ಲ.

"ನಮ್ಮನೆಯವರು ಹೋಗೋ ತನಕ ದಿನಾ ಇದನ್ನ ನೋಡೋರು," ಅಂದಳು ಅತ್ತಿಗೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಡಾಕ್ಟ್ರು ಬರೆದಿದ್ದು ಅನ್ನೋರು. ಬೇರೆ ಯಾರನ್ನೂ ಬೇಡ, ನಿಮ್ಮನ್ನೇ ಕಳಿಸಿ ಅಂತ ಕಂಪನಿಗೆ ಪತ್ರ ಹಾಕಿದ್ದು ನನ್ನ ಮೈದುನ. ಯಾಕೆ ಅಂತ ನನಗೂ ಆಗ ಗೊತ್ತಾಗಲಿಲ್ಲ."

ಗೇಟಿಗೆ ಬೀಗ ಬಿದ್ದದ್ದು ಐದು ದಿನದ ಹಿಂದೆ. ಆದರೆ ಕುಣಿಕೆ ಬಿಗಿದದ್ದು ಅದಕ್ಕೂ ಮೊದಲೇ ಎಂದು ಡಾಕ್ಟ್ರಮ್ಮನಿಗೆ ಅರ್ಥವಾಯಿತು. ಇಲಿ ತಾನಾಗಿ ನಡೆದು ಬೋನಿಗೆ ಬಂದಿತ್ತು. ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಶುದ್ಧವಾಗಿ.

ಗೋಡೆಯ ಫೋನು ರಿಂಗಾಯಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಅತ್ತಿಗೆ ಚೀಟಿ ತೋರಿಸಿರಬೇಕಲ್ಲ ಡಾಕ್ಟ್ರಮ್ಮ," ಅಂದಿತು ಯಜಮಾನನ ದನಿ.

ನಲವತ್ತು ಹೆಜ್ಜೆ ಆಚೆ ಆಫೀಸಿನ ಕಿಟಕಿಯಲ್ಲಿ ಅವನು ಕಾಣುತ್ತಿದ್ದ, ಕಿವಿಗೆ ರಿಸೀವರು ಒತ್ತಿಕೊಂಡು. ಅವನೇ ಮಾತಾಡಿದ. ತಾನು ಯಾರನ್ನೂ ಹೆದರಿಸುವವನಲ್ಲ ಎಂದ. ದೊಡ್ಡವರ ಹೆಸರು ಕೆಡಬಾರದು ಎಂದ. ತಕ್ಕಡಿಯ ಹೆಂಡತಿಗೆ ಏನಾದರೂ ಮಾಡೋಣ ಎಂದ. ಆಮೇಲೆ ಅವರ ಸೀರೆಯನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ ಎಂದ. ಬಿಸಿಲು ಈ ವರ್ಷ ಜಾಸ್ತಿ ಎಂದ.

ಬಿಸಿಲಿನ ಮಾತು ಬಂದಾಗ ಡಾಕ್ಟ್ರಮ್ಮ ಎಚ್ಚೆತ್ತರು. ಮಾತನ್ನು ತೂಗಿ ಮಾರುವವನು ಇಷ್ಟೊಂದನ್ನು ಬಿಟ್ಟಿ ಯಾಕೆ ಕೊಡುತ್ತಿದ್ದಾನೆ?

ಕಿಂಡಿಯ ಕಡೆಯಿಂದ ಒಂಟಿ ಚಕ್ರ ಕಿರುಗುಟ್ಟಿದ್ದು ಕೇಳಿಸಿತು.

ಅವರು ರಿಸೀವರಿನ ತಂತಿ ಎಳೆಯುವಷ್ಟು ಎಳೆದು ಕಿಟಕಿಯ ಗಾಜಿಗೆ ಮುಖ ತಂದರು. ತಕ್ಕಡಿ ಕೈಗಾಡಿ ತಳ್ಳಿಕೊಂಡು ಸುಣ್ಣದ ಗುಂಡಿಯ ಕಡೆ ಹೋಗುತ್ತಿದ್ದ, ಎಡಗಾಲು ಎಳೆಯುತ್ತ, ಯಾವ ಗಡಿಬಿಡಿಯೂ ಇಲ್ಲದೆ. ಗಾಡಿಯಲ್ಲಿ ಮೂರು ಮರಿ. ಮರಿಗಳ ಮೇಲೆ ಕೆಂಪು ಮುಚ್ಚಳದ ಐಸಿನ ಡಬ್ಬಿ.

ಲೋಕದಲ್ಲಿ ಅವನನ್ನು ಬಿಡಿಸಬಲ್ಲದ್ದು ಅದೊಂದೇ. ಅದನ್ನು ಅವನೇ ಹೊತ್ತು ಒಯ್ಯುತ್ತಿದ್ದ, ಹೇಳಿದ್ದಾರೆಂದು.

ಡಾಕ್ಟ್ರಮ್ಮ ಗಾಜು ಬಡಿದರು. ಹೊರಗೆ ಓಡಬೇಕೆಂದರೆ ಸ್ನಾನದ ಕೋಣೆಯ ಬಾಗಿಲು. ಅದರ ಆಚೆಯ ಬಾಗಿಲ ಚಿಲಕ ಹೊರಗಿನಿಂದ, ಇನ್ನೊಬ್ಬರು ಬಂದು ತೆಗೆಯಬೇಕು. ಮತ್ತೆ ಬಡಿದರು. ತಕ್ಕಡಿ ತಿರುಗಿ ನೋಡಿದ. ಗಾಜಿನ ಹಿಂದೆ ಡಾಕ್ಟ್ರಮ್ಮ ಕೈ ಆಡಿಸುತ್ತಿರುವುದು ಕಾಣಿಸಿ, ಗಾಡಿಯ ಹಿಡಿಕೆ ಬಿಟ್ಟು, ಅವನೂ ಮರ್ಯಾದೆಯಿಂದ ಕೈ ಎತ್ತಿದ. ಆಮೇಲೆ ಗಾಡಿಯನ್ನು ಗುಂಡಿಗೆ ಬಗ್ಗಿಸಿದ. ಡಬ್ಬಿಯ ಮುಚ್ಚಳ ತೆರೆದು ಅದನ್ನೂ ಸುರಿದ. ಸುಣ್ಣದ ಹೊಗೆ ಬೆಳ್ಳಗೆ ಎದ್ದಿತು.

"ಸರಿ ಡಾಕ್ಟ್ರಮ್ಮ, ಕಂಪನಿಯವರ ಫೋನು ಬರೋ ಹೊತ್ತಾಯ್ತು," ಅಂದ ಯಜಮಾನ. ಸಂಪರ್ಕ ಕಡಿಯಿತು.

ಡಾಕ್ಟ್ರಮ್ಮ ರಿಸೀವರನ್ನು ಗೂಟಕ್ಕೆ ಹಾಕಿದರು. ಇನ್ನು ಉಳಿದದ್ದು ಕಿವಿ ಮಾತ್ರ. ಒಂದು ಹಳೆಯ ಕಚ್ಚು, ಒಂದು ಹೊಸ ಕಚ್ಚು. ಅಷ್ಟರಿಂದ ಏನಾದರೂ ಆದೀತೇ ಎಂದುಕೊಳ್ಳುತ್ತ ಮೇಜಿನ ಕಡೆ ತಿರುಗಿದರು.

ಪತ್ರಿಕೆಯ ತುಂಡು ಅಲ್ಲೇ ಇತ್ತು, ನಡುವೆ ಒದ್ದೆ ಗುರುತು. ಕಿವಿ ಇರಲಿಲ್ಲ.

ಕಪಾಟಿನ ಬಾಗಿಲೂ ಬೋಳಾಗಿತ್ತು. ಪ್ಲಾಸ್ಟಿಕ್ಕು ಹರಿದು ಜೋತಾಡುತ್ತಿತ್ತು. ಅತ್ತಿಗೆ ಫೋನಿನ ಪಕ್ಕದಲ್ಲಿ ನಿಂತಿದ್ದಳು, ಬಲಗೈಯನ್ನು ಮೇಲಂಗಿಯ ಜೇಬಿನೊಳಗೆ ಮುಷ್ಟಿ ಮಾಡಿಕೊಂಡು. ಅವಳ ಕಣ್ಣು ಕಿಟಕಿಯ ಆಚೆ, ಖಾಲಿ ಗಾಡಿ ತಳ್ಳಿಕೊಂಡು ಮರಳುತ್ತಿದ್ದವನ ಮೇಲಿತ್ತು.

"ಅತ್ತಿಗೆ, ಅದನ್ನ ಕೊಡಿ."

ಗಡಿಯಾರದ ಮುಳ್ಳು ನಾಲ್ಕಕ್ಕೆ ಬಂದಿತು. ಫೋನು ಒಂದು ಸಲ ರಿಂಗಾಯಿತು, ಎರಡು ಸಲ.

ಮೂರನೆಯದಕ್ಕೆ ಡಾಕ್ಟ್ರಮ್ಮ ಕೈ ಚಾಚುವ ಮೊದಲೇ ಅತ್ತಿಗೆ ಎಡಗೈಯಿಂದ ರಿಸೀವರು ಎತ್ತಿದಳು.

"ಕಂಪನಿಯವರಾ? ಡಾಕ್ಟ್ರಮ್ಮ ಇಲ್ಲೇ ಇದ್ದಾರೆ," ಅಂದಳು. "ಅವರು ಹೇಳೋಕೆ ಮುಂಚೆ ನನ್ನದೊಂದು ಬರ್ಕೊಳ್ಳಿ. ತಂಡ ಬೆರೆಸಿದ್ದು ನಾನು."